ಸಿವಿಲ್ ಕಾಮಗಾರಿಯ ಸಿದ್ಧ ಮಾದರಿ ಕರಾರು: ಸಹಿ ಬಿದ್ದ ದಿನದಿಂದ ಫೈನಲ್ ಬಿಲ್‌ವರೆಗೆ

ನಾನು ಸೈಟ್ ಎಂಜಿನಿಯರ್ ಆಗಿದ್ದ ಕಾಲ. ಬೆಂಗಳೂರಿನ ಉತ್ತರ ಭಾಗದಲ್ಲಿ ಒಂದು ರಾಜಕಾಲುವೆಗೆ ತಡೆಗೋಡೆ ಕಟ್ಟುತ್ತಿದ್ದೆವು. ಜೂನ್ ಮೊದಲ ವಾರ ಅಗೆಯುತ್ತಿದ್ದಾಗ ಜೆಸಿಬಿ ಬಕೆಟ್ಟಿಗೆ ಇಟ್ಟಿಗೆಯ ಸಾಲು ಸಿಕ್ಕಿತು. ಆಪರೇಟರ್ ಇಳಿದು ನೋಡಿ ಕೈ ಎತ್ತಿದ. ಇಟ್ಟಿಗೆಯ ಕೆಳಗೆ ಮರಳು, ಮರಳಿನ ಕೆಳಗೆ ತೋಳು ದಪ್ಪದ ಹೈಟೆನ್ಷನ್ ಕೇಬಲ್. ನಮಗೆ ಕೊಟ್ಟಿದ್ದ ಡ್ರಾಯಿಂಗಿನಲ್ಲಿ ಅದರ ಸುಳಿವೇ ಇರಲಿಲ್ಲ. ಅದನ್ನು ಪಕ್ಕಕ್ಕೆ ಸರಿಸುವ ಹೊತ್ತಿಗೆ 47 ದಿನ ಕಳೆದಿತ್ತು.

ಆ 47 ದಿನವೂ ನಾವು ಸುಮ್ಮನೆ ಕೂತಿರಲಿಲ್ಲ. ದಿನಾ ಫೋನ್ ಮಾಡಿದೆವು, ಕಚೇರಿಗೆ ಅಲೆದೆವು. ಆಗಿದ್ದ ಎಇಇ (ಸಹಾಯಕ ಕಾರ್ಯಪಾಲಕ ಎಂಜಿನಿಯರ್) ಒಳ್ಳೆಯ ಮನುಷ್ಯರು. "ನಿಮ್ಮ ತಪ್ಪೇನಿಲ್ಲ ಬಿಡಿ, ಎಕ್ಸ್‌ಟೆನ್ಷನ್ ಮಾಡ್ಕೊಡೋಣ" ಅಂದರು. ಆ ಮಾತು ನಂಬಿ ಒಂದು ಪತ್ರವನ್ನೂ ಕೊಡಲಿಲ್ಲ. ಡಿಸೆಂಬರಿನಲ್ಲಿ ಅವರಿಗೆ ವರ್ಗವಾಯಿತು. ಹೊಸದಾಗಿ ಬಂದವರು ಫೈಲು ತಿರುವಿ ಹಾಕಿ, "ಇದ್ರಲ್ಲಿ ಕೇಬಲ್ ವಿಷಯ ಎಲ್ಲಿದೆ ತೋರಿಸ್ರಿ" ಅಂದರು. ಎಲ್ಲೂ ಇರಲಿಲ್ಲ. ಮುಂದಿನ ಬಿಲ್ಲಿನಲ್ಲಿ ವಿಳಂಬದ ದಂಡ ಕಡಿತವಾಯಿತು.

ಆಗ ಅವರ ಮೇಲೆ ಸಿಟ್ಟು ಬಂದಿತ್ತು, ಈಗಿಲ್ಲ. ನಾಳೆ ಆಡಿಟ್‌ನವರು ಬಂದು "ಯಾವ ಆಧಾರದ ಮೇಲೆ ಸಮಯ ಕೊಟ್ಟಿರಿ" ಎಂದು ಕೇಳಿದರೆ ತೋರಿಸಲು ಅವರ ಬಳಿ ಒಂದು ಹಾಳೆಯೂ ಇರಲಿಲ್ಲ. ಪತ್ರ ಕೊಡದೆ ಅವರ ಕೈಯನ್ನು ನಾವೇ ಕಟ್ಟಿಹಾಕಿದ್ದೆವು. ನಮ್ಮ ಸೈಟುಗಳಲ್ಲಿ ನೋಟಿಸು ಎಂದರೆ ಜಗಳ ಎಂಬ ಭಾವನೆ ಬೇರು ಬಿಟ್ಟಿದೆ. "ಸಾಹೇಬರಿಗೆ ಬೇಜಾರಾಗತ್ತೆ" ಎಂದು ಹಿಂಜರಿಯುತ್ತೇವೆ. ಹೊತ್ತಿಗೆ ಸರಿಯಾಗಿ ಕೊಟ್ಟ ನೋಟಿಸು ಎದುರು ಕೂತ ಎಂಜಿನಿಯರಿಗೂ ರಕ್ಷಣೆ. ಈ ಬರಹ ನಿಂತಿರುವುದು ಈ ನಂಬಿಕೆಯ ಮೇಲೆ. ಮಧ್ಯಮ ಗಾತ್ರದ ಗುತ್ತಿಗೆದಾರರು, ಸೈಟ್ ಎಂಜಿನಿಯರುಗಳು ಮತ್ತು ಸಬ್ ಕಾಂಟ್ರ್ಯಾಕ್ಟರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಹೆಜ್ಜೆ 1: ಕೈಯಲ್ಲಿರುವುದು ಯಾವ ಕರಾರು?

ರಾಜ್ಯದ ಇಲಾಖೆ ಮತ್ತು ಪಾಲಿಕೆಗಳ ಕೆಲಸವಾದರೆ 1999ರ ಕೆಟಿಪಿಪಿ ಕಾಯ್ದೆಯ (ಕರ್ನಾಟಕ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ ಕಾಯ್ದೆ) ಚೌಕಟ್ಟಿನಲ್ಲಿ ಬಂದ ಕೆಡಬ್ಲ್ಯು ಸರಣಿಯ ಪ್ರಮಾಣಿತ ಟೆಂಡರ್ ದಾಖಲೆ ಇರುತ್ತದೆ. ಕೆಡಬ್ಲ್ಯು-4 ಎಂಬ ಹೆಸರು ಗುತ್ತಿಗೆದಾರರ ಬಾಯಲ್ಲಿ ದಿನಾ ಓಡಾಡುತ್ತದೆ. ಕೇಂದ್ರ ಸರ್ಕಾರದ ಕಟ್ಟಡಗಳಿಗೆ ಸಿಪಿಡಬ್ಲ್ಯುಡಿಯ (ಕೇಂದ್ರ ಲೋಕೋಪಯೋಗಿ ಇಲಾಖೆ) ಸಾಮಾನ್ಯ ಷರತ್ತುಗಳು. ಬೇರೆ ಹಲವು ಸಂಸ್ಥೆಗಳು ಅವನ್ನೇ ಅಲ್ಲಿಷ್ಟು ಇಲ್ಲಿಷ್ಟು ತಿದ್ದಿ ಬಳಸುತ್ತವೆ. ರಾಷ್ಟ್ರೀಯ ಹೆದ್ದಾರಿಗೆ ಹೆಚ್ಚಾಗಿ ಇಪಿಸಿ (ವಿನ್ಯಾಸ, ಸಾಮಗ್ರಿ, ನಿರ್ಮಾಣ ಎಲ್ಲವೂ ಗುತ್ತಿಗೆದಾರನದೇ) ಅಥವಾ ಹ್ಯಾಮ್ (ಹೈಬ್ರಿಡ್ ಆನ್ಯುಯಿಟಿ) ಮಾದರಿಯ ಒಪ್ಪಂದ. ಬೆಂಗಳೂರು–ಮೈಸೂರು ಹೆದ್ದಾರಿ ಹ್ಯಾಮ್‌ನಲ್ಲಿ ಆದದ್ದು. ಅದರಲ್ಲಿ ಯೋಜನಾ ವೆಚ್ಚದ 40% ಕೆಲಸ ನಡೆಯುವಾಗ ಬರುತ್ತದೆ, ಉಳಿದ 60% ಆಮೇಲೆ ವರ್ಷಗಟ್ಟಲೆ ಕಂತಿನಲ್ಲಿ ಬರುತ್ತದೆ.

ವಿಶ್ವಬ್ಯಾಂಕ್, ಎಡಿಬಿ, ಜೈಕಾದಂಥ ಸಂಸ್ಥೆಗಳ ಸಾಲದ ಯೋಜನೆಗಳಲ್ಲಿ ಹೆಚ್ಚಾಗಿ ಕಾಣುವುದು ಫಿಡಿಕ್ ಎಂಬ ಒಕ್ಕೂಟದ ಮಾದರಿ ಕರಾರು. 1913ರಲ್ಲಿ ಶುರುವಾದ ಈ ಎಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟದ ಕಚೇರಿ ಜಿನೀವಾದಲ್ಲಿದೆ. ಮಾಲೀಕರೇ (ಕೆಲಸ ಮಾಡಿಸುವವರೇ) ವಿನ್ಯಾಸ ಕೊಡುವ ಕೆಲಸಕ್ಕೆ ಕೆಂಪು ಪುಸ್ತಕ, ಗುತ್ತಿಗೆದಾರ ವಿನ್ಯಾಸ ಮಾಡಿ ಕಟ್ಟುವುದಕ್ಕೆ ಹಳದಿ, ಬಹುಪಾಲು ಅಪಾಯವನ್ನು ಗುತ್ತಿಗೆದಾರನೇ ಹೊರುವ ಟರ್ನ್‌ಕೀ ಕೆಲಸಕ್ಕೆ ಬೆಳ್ಳಿ ಬಣ್ಣದ್ದು. 1999ರ ಆವೃತ್ತಿಯೂ 2017ರ ಆವೃತ್ತಿಯೂ ಈಗ ಬಳಕೆಯಲ್ಲಿವೆ, ಎರಡರಲ್ಲೂ ಷರತ್ತಿನ ಸಂಖ್ಯೆ ಮತ್ತು ಗಡುವು ಬೇರೆ. ನಿಮ್ಮದು ಯಾವ ಬಣ್ಣ, ಯಾವ ವರ್ಷದ್ದು ಎಂದು ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಬರೆದಿಡಿ. ಹಳೆಯ ಯೋಜನೆಯ ಪತ್ರವನ್ನು ನಕಲು ಮಾಡಿ ತಪ್ಪು ಷರತ್ತಿನ ಸಂಖ್ಯೆ ಹಾಕಿ ಕಳಿಸಿದವರನ್ನು ಬೇಕಾದಷ್ಟು ಕಂಡಿದ್ದೇನೆ.

ಹೆಜ್ಜೆ 2: ಹಿಂದಿನಿಂದ ಓದಿ

ಸಿದ್ಧ ಮಾದರಿ ಎಂಬ ಮಾತೇ ಮೈಮರೆಸುತ್ತದೆ. "ಎಲ್ಲಾ ಕಡೆ ಇರೋದೇ ಅಲ್ವಾ" ಎಂದು ಸಹಿ ಹಾಕುತ್ತೇವೆ. ಸಾಮಾನ್ಯ ಷರತ್ತುಗಳು ಎಲ್ಲ ಕಡೆ ಒಂದೇ ಇರಬಹುದು, ಆದರೆ ಅವನ್ನು ತಿದ್ದುವ ವಿಶೇಷ ಷರತ್ತುಗಳು ಪ್ರತಿ ಟೆಂಡರಿಗೂ ಬೇರೆ. ಅಪಾಯ ಅಡಗಿರುವುದು ಅಲ್ಲೇ. ಹಾಗಾಗಿ ವಿಶೇಷ ಷರತ್ತು ಮತ್ತು ಟೆಂಡರ್ ಅನುಬಂಧಗಳನ್ನು ಮೊದಲು ಓದಿ, ಸಾಮಾನ್ಯ ಷರತ್ತಿನ ಪ್ರತಿಯಲ್ಲಿ ಬದಲಾದ ಕಡೆಯೆಲ್ಲ ಪೆನ್ಸಿಲ್ಲಿನಿಂದ ಗುರುತು ಹಾಕಿ. ದರ ಏರಿಕೆಯ ಷರತ್ತನ್ನು "ಅನ್ವಯಿಸುವುದಿಲ್ಲ" ಎಂಬ ಒಂದೇ ಪದದಿಂದ ಅಳಿಸಿರುತ್ತಾರೆ. ಸಿಪಿಡಬ್ಲ್ಯುಡಿ ಮಾದರಿಯಲ್ಲಿ ಇದು 10ಸಿಎ, 10ಸಿಸಿ ಷರತ್ತುಗಳ ವಿಷಯ. ಸಿಮೆಂಟು, ಕಬ್ಬಿಣದ ದರ ಏರಿದಾಗ ಹುಡುಕುವ ಬದಲು ಟೆಂಡರ್ ತುಂಬುವ ಮೊದಲೇ ನೋಡಿಕೊಳ್ಳಬೇಕಾದದ್ದು.

ಮುಂದೆ, ದಾಖಲೆಗಳ ಆದ್ಯತೆಯ ಕ್ರಮ. ಡ್ರಾಯಿಂಗ್ ಒಂದು ಹೇಳಿ ಬಿಒಕ್ಯು (ಐಟಂವಾರು ಪರಿಮಾಣ ಮತ್ತು ದರದ ಪಟ್ಟಿ) ಇನ್ನೊಂದು ಹೇಳಿದರೆ ಯಾವುದು ಗೆಲ್ಲುತ್ತದೆ? 1999ರ ಫಿಡಿಕ್ ಕೆಂಪು ಪುಸ್ತಕದ 1.5ನೇ ಷರತ್ತಿನಲ್ಲಿ ಒಪ್ಪಂದ ಪತ್ರ, ಅಂಗೀಕಾರ ಪತ್ರ, ಟೆಂಡರ್ ಪತ್ರ, ವಿಶೇಷ ಷರತ್ತು, ಸಾಮಾನ್ಯ ಷರತ್ತು, ಸ್ಪೆಸಿಫಿಕೇಷನ್, ಡ್ರಾಯಿಂಗ್ ಆದ ಮೇಲೆ ಕಟ್ಟಕಡೆಗೆ ಬರುತ್ತವೆ ಷೆಡ್ಯೂಲುಗಳು. ಬಿಒಕ್ಯು ಸೇರುವುದು ಆ ಕಡೆಯ ಗುಂಪಿಗೆ. ಸಿಪಿಡಬ್ಲ್ಯುಡಿ ಷರತ್ತಿನಲ್ಲಿ ಇದು ತಿರುವುಮುರುವು: ಪರಿಮಾಣ ಪಟ್ಟಿಯ ವಿವರಣೆಗೇ ಮೊದಲ ಸ್ಥಾನ, ಆಮೇಲೆ ವಿಶೇಷ ಸ್ಪೆಸಿಫಿಕೇಷನ್ ಮತ್ತು ಷರತ್ತು, ಮೂರನೆಯದು ಡ್ರಾಯಿಂಗ್. ಒಂದೇ ಗೊಂದಲಕ್ಕೆ ಎರಡು ಕರಾರುಗಳಲ್ಲಿ ಎರಡು ಉತ್ತರ. ಇಲಾಖೆ ಕೆಲಸದಲ್ಲಿ ಪಳಗಿದ ಮೇಸ್ತ್ರಿ, ಎಂಜಿನಿಯರುಗಳು ಫಿಡಿಕ್ ಕೆಲಸಕ್ಕೆ ಬಂದಾಗ ಮುಗ್ಗರಿಸುವುದು ಇಲ್ಲೇ.

ಹೆಜ್ಜೆ 3: ಗಡುವುಗಳನ್ನು ಒಂದು ಹಾಳೆಗೆ ಇಳಿಸಿ

ಕರಾರಿನಲ್ಲಿ "ದಿನಗಳೊಳಗೆ" ಎಂಬ ಮಾತು ಎಲ್ಲೆಲ್ಲಿದೆಯೋ ಅಷ್ಟನ್ನೂ ಹುಡುಕಿ ಒಂದು ಎ3 ಹಾಳೆಗೆ ಇಳಿಸಿ ಸೈಟ್ ಆಫೀಸಿನ ಗೋಡೆಗೆ ಅಂಟಿಸಿ. ನಮ್ಮಲ್ಲಿ ಅದು ಟೀ ಫ್ಲಾಸ್ಕ್ ಇಡುವ ಮೇಜಿನ ಮೇಲ್ಗಡೆ ಇರುತ್ತದೆ, ಎಲ್ಲರ ಕಣ್ಣೂ ಬೀಳಲಿ ಎಂದು. ಪ್ರತಿ ಸಾಲಿನಲ್ಲಿ ನಾಲ್ಕು ಮಾತು ಸಾಕು: ಏನಾದರೆ, ಯಾರಿಗೆ, ಎಷ್ಟು ದಿನದಲ್ಲಿ, ತಪ್ಪಿದರೆ ಏನು.

ಒಂದು ಉದಾಹರಣೆ ಲೆಕ್ಕ ಹಾಕೋಣ. ಜೂನ್ 3ರಂದು ಕೇಬಲ್ ಸಿಕ್ಕಿತು ಎನ್ನಿ. ಸಿಪಿಡಬ್ಲ್ಯುಡಿ ಮಾದರಿಯಲ್ಲಿ ಸಮಯ ವಿಸ್ತರಣೆಯ ಅರ್ಜಿ 14 ದಿನದೊಳಗೆ, ಅಂದರೆ ಜೂನ್ 17ಕ್ಕೆ. ಫಿಡಿಕ್‌ನಲ್ಲಿ ಕ್ಲೈಮ್ ನೋಟಿಸು 28 ದಿನದೊಳಗೆ, ಜುಲೈ 1ಕ್ಕೆ. ಪೂರ್ತಿ ವಿವರದ ಕ್ಲೈಮ್ 1999ರ ಆವೃತ್ತಿಯಲ್ಲಿ 42 ದಿನಕ್ಕೆ, ಜುಲೈ 15. 2017ರಲ್ಲಿ 84 ದಿನಕ್ಕೆ, ಆಗಸ್ಟ್ 26. ಫಿಡಿಕ್‌ನಲ್ಲಿ ದಿನ ಎಂದರೆ ಕ್ಯಾಲೆಂಡರ್ ದಿನ. ಭಾನುವಾರ, ಹಬ್ಬ ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ಎಣಿಕೆ ಶುರುವಾಗುವುದು ನಿಮಗೆ ತಿಳಿದ ದಿನದಿಂದ ಅಥವಾ ತಿಳಿಯಬೇಕಾಗಿದ್ದ ದಿನದಿಂದ. "ಸೈಟಿನವರು ಹೆಡ್ ಆಫೀಸಿಗೆ ಹೇಳಿದ್ದು ತಡವಾಯಿತು" ಎಂಬ ಮಾತಿಗೆ ಅಲ್ಲಿ ಬೆಲೆ ಇಲ್ಲ.

ಇದೇ ಹಾಳೆಯಲ್ಲಿ ಬ್ಯಾಂಕ್ ಗ್ಯಾರಂಟಿ, ವಿಮೆ, ಕಾರ್ಮಿಕ ಪರವಾನಗಿ ಮುಗಿಯುವ ದಿನಗಳೂ ಇರಲಿ. ಪ್ರತಿಯೊಂದಕ್ಕೂ 30 ದಿನ ಮೊದಲೇ ಎಚ್ಚರಿಸುವ ಗುರುತು ಹಾಕಿ.

ಹೆಜ್ಜೆ 4: ಗುದ್ದಲಿ ಹಾಕುವ ಮೊದಲು

ಸೈಟ್ ಹಸ್ತಾಂತರವನ್ನು ಕೈಕುಲುಕಿ ಮುಗಿಸಬೇಡಿ. ಯಾವ ಚೈನೇಜ್‌ನಿಂದ (ಆರಂಭದ ಬಿಂದುವಿನಿಂದ ಅಳೆದ ದೂರ; 1+240 ಎಂದರೆ 1 ಕಿಮೀ 240 ಮೀಟರ್) ಯಾವ ಚೈನೇಜ್‌ವರೆಗೆ ಜಾಗ ಸಿಕ್ಕಿದೆ, ಎಲ್ಲಿ ಒತ್ತುವರಿ ಇದೆ, ಎಲ್ಲಿ ಮರ ನಿಂತಿದೆ, ಎಲ್ಲಿ ಟ್ರಾನ್ಸ್‌ಫಾರ್ಮರ್ ಇದೆ ಎಂದು ಜಂಟಿಯಾಗಿ ನಡೆದು ನೋಡಿ, ಇಬ್ಬರೂ ಸಹಿ ಹಾಕಿದ ಪಟ್ಟಿ ಮಾಡಿ. ಮರ ಕಡಿಯಬೇಕಾದರೆ 1976ರ ಮರ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ಬೇಕು. ರಸ್ತೆ ತಡೆಯಲು ಟ್ರಾಫಿಕ್ ಪೊಲೀಸರದ್ದು, ಪೈಪು ಸರಿಸಲು ಜಲಮಂಡಳಿಯದ್ದು, ಕೇಬಲ್ಲಿಗೆ ಬೆಸ್ಕಾಂ ಅಥವಾ ಕೆಪಿಟಿಸಿಎಲ್‌ನದ್ದು. ಈ ಅನುಮತಿಗಳನ್ನು ತರುವುದು ನಿಮ್ಮ ಹೊಣೆಯೋ ಮಾಲೀಕರದೋ ಎಂದು ಕರಾರು ಹೇಳುತ್ತದೆ. ಹೇಳದಿದ್ದರೆ ಟೆಂಡರ್ ಪೂರ್ವ ಸಭೆಯಲ್ಲೇ ಕೇಳಿ ಲಿಖಿತ ಉತ್ತರ ಪಡೆಯಿರಿ.

ಬೆಂಗಳೂರಿನ ನೆಲದ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. 1999ರ ಫಿಡಿಕ್‌ನ 4.12 ಪ್ರಕಾರ, ಅನುಭವಿ ಗುತ್ತಿಗೆದಾರನೊಬ್ಬ ಟೆಂಡರ್ ಸಲ್ಲಿಸುವ ದಿನದ ಹೊತ್ತಿಗೆ ಸಮಂಜಸವಾಗಿ ಊಹಿಸಲಾಗದಂಥ ನೆಲದ ಸ್ಥಿತಿ ಎದುರಾದರೆ ಸಮಯವನ್ನೂ ವೆಚ್ಚವನ್ನೂ ಕೇಳಬಹುದು. ಆದರೆ ಈ ಊರು ಕೂತಿರುವುದೇ ಗ್ನೈಸ್ ಬಂಡೆಯ ಮೇಲೆ. ಲಾಲ್‌ಬಾಗಿನ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಅದರ ಮೇಲೆ ಹತ್ತಿ ಆಡದ ಬೆಂಗಳೂರಿನ ಮಗು ಕಡಿಮೆ. ಬಂಡೆ ಬರುತ್ತದೆಂದು ಗೊತ್ತಿರಲಿಲ್ಲ ಎಂದು ಬರೆದರೆ ಎದುರಿನ ವಕೀಲರು ಆ ಬಂಡೆಯ ಫೋಟೊ ಒಂದನ್ನೇ ಇಟ್ಟು ಕೇಸು ಮುಗಿಸಬಹುದು. ನಿಮ್ಮ ವಾದ ನಿಲ್ಲಬೇಕಾದರೆ ಅದು ನಿರ್ದಿಷ್ಟವಾಗಿರಬೇಕು: ಟೆಂಡರಿನ ಜೊತೆ ಕೊಟ್ಟ ಬೋರ್ ಲಾಗ್‌ನಲ್ಲಿ (ನೆಲ ಕೊರೆದು ನೋಡಿದ ದಾಖಲೆ) 9 ಮೀಟರ್‌ವರೆಗೆ ಮಣ್ಣು ಎಂದಿತ್ತು, ನಮಗೆ 4 ಮೀಟರಿನಲ್ಲಿ ಗಟ್ಟಿ ಕಲ್ಲು ಸಿಕ್ಕಿತು, ಇದೋ ಹೋಲಿಕೆ. ಮೆಟ್ರೊ ಸುರಂಗ ತೋಡುವಾಗಲೂ ಇಲ್ಲಿ ಕಾಡಿದ್ದು ಮಣ್ಣು, ಸವೆದ ಕಲ್ಲು, ಗುಂಡುಕಲ್ಲು, ಗಟ್ಟಿ ಬಂಡೆ ಒಂದೇ ಮುಖದಲ್ಲಿ ಬೆರೆತಿದ್ದ ನೆಲ. ಹಾಗಾಗಿ ಟೆಂಡರ್ ಕಾಲದ ಭೂ ಪರಿಶೋಧನಾ ವರದಿಯ ಪ್ರತಿಯನ್ನು ಎತ್ತಿಡಿ. ಅನುಮಾನ ಇರುವ ಕಡೆ ಮಾಲೀಕರ ಪ್ರತಿನಿಧಿಯ ಎದುರಲ್ಲೇ ಪರೀಕ್ಷಾ ಗುಂಡಿ ತೆಗೆಸಿ ಅಳತೆ ಬರೆದುಕೊಳ್ಳಿ.

ಹೆಜ್ಜೆ 5: ನೋಟಿಸು

ಉಳಿದದ್ದೆಲ್ಲ ಮರೆತರೂ ಇದನ್ನು ಮರೆಯಬೇಡಿ. 1999ರ ಫಿಡಿಕ್‌ನ 20.1 ಮತ್ತು 2017ರ 20.2, ಎರಡೂ ಕಡೆ 28 ದಿನದಲ್ಲಿ ನೋಟಿಸು ಕೊಡದಿದ್ದರೆ ಸಮಯವೂ ಇಲ್ಲ, ಹಣವೂ ಇಲ್ಲ ಎಂದು ನೇರವಾಗಿ ಬರೆದಿದೆ. ನಮ್ಮ 1872ರ ಕರಾರು ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಇಂಥ ಗಡುವು ಹಕ್ಕನ್ನೇ ಅಳಿಸಿಹಾಕಲಾರದು ಎಂದು ವಾದಿಸುವ ವಕೀಲರಿದ್ದಾರೆ. ಆ ವಾದವೆಂದರೆ ಸೋತವರು ಹಿಡಿಯುವ ಕಡೆಯ ಹುಲ್ಲುಕಡ್ಡಿ. ಅದನ್ನೇ ನಂಬಿ ಪತ್ರ ತಡ ಮಾಡುವುದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ನೋಟಿಸಿನಲ್ಲಿ ಮೊತ್ತ ಬೇಡ, ದೀರ್ಘ ವಾದ ಬೇಡ, ದೂರು ಅಂತೂ ಬೇಡವೇ ಬೇಡ. ಅರ್ಧ ಪುಟ ಸಾಕು. ಅವತ್ತಿನ ಕೇಬಲ್ಲಿಗೆ ನಾವು ಬರೆಯಬೇಕಾಗಿದ್ದ ಪತ್ರ ಹೀಗಿರುತ್ತಿತ್ತು:

"ವಿಷಯ: ಚೈನೇಜ್ 1+240ರಲ್ಲಿ ಡ್ರಾಯಿಂಗಿನಲ್ಲಿ ತೋರಿಸದ ಹೈಟೆನ್ಷನ್ ಕೇಬಲ್. ಹೆಚ್ಚುವರಿ ಸಮಯ ಮತ್ತು ವೆಚ್ಚದ ಬಗ್ಗೆ ನೋಟಿಸು.

ಮಾನ್ಯರೇ, ಜೂನ್ 3ರ ಬೆಳಗ್ಗೆ 10.40ಕ್ಕೆ ಮೇಲ್ಕಂಡ ಸ್ಥಳದಲ್ಲಿ ಅಗೆಯುವಾಗ 1.1 ಮೀಟರ್ ಆಳದಲ್ಲಿ ಕೇಬಲ್ ಕಂಡುಬಂದಿದೆ. ತಾವು ನೀಡಿದ ಡ್ರಾಯಿಂಗಿನ ಚಾಲ್ತಿ ಪ್ರತಿಯಲ್ಲಿ ಇದನ್ನು ತೋರಿಸಿಲ್ಲ. ಸುರಕ್ಷತೆಯ ಕಾರಣ 1+225ರಿಂದ 1+260ರವರೆಗೆ ಕೆಲಸ ನಿಲ್ಲಿಸಿದ್ದೇವೆ. ಕರಾರಿನ 20.1ರ ಅನ್ವಯ ಇದನ್ನು ನೋಟಿಸು ಎಂದು ಪರಿಗಣಿಸಬೇಕು. ವಿವರಗಳನ್ನು ನಿಗದಿತ ಅವಧಿಯಲ್ಲಿ ಸಲ್ಲಿಸುತ್ತೇವೆ. ನಾಳೆ ಬೆಳಗ್ಗೆ 11ಕ್ಕೆ ಜಂಟಿ ಪರಿಶೀಲನೆಗೆ ತಮ್ಮ ಪ್ರತಿನಿಧಿಯನ್ನು ಕಳುಹಿಸಬೇಕೆಂದು ಕೋರಿಕೆ. ಸದ್ಯಕ್ಕೆ ಯಂತ್ರ ಮತ್ತು ಕಾರ್ಮಿಕರನ್ನು 1+400ರ ಕೆಲಸಕ್ಕೆ ಬಳಸಿಕೊಳ್ಳುತ್ತಿದ್ದೇವೆ."

ಕೊನೆಯ ವಾಕ್ಯ ಗಮನಿಸಿ. ನಷ್ಟ ತಗ್ಗಿಸಲು ನೀವು ಕೈಲಾದದ್ದು ಮಾಡಿದಿರಿ ಎಂಬುದಕ್ಕೆ ಅದೇ ಸಾಕ್ಷಿ. ಮುಂದೆ ಯಾರೇ ಈ ಫೈಲು ತೆರೆದರೂ ಮೊದಲು ಹುಡುಕುವುದು ಆ ಸಾಲನ್ನು.

ಪತ್ರ ಯಾವ ಭಾಷೆಯಲ್ಲಿರಬೇಕು, ಯಾರ ಹೆಸರಿಗೆ, ಯಾವ ವಿಳಾಸಕ್ಕೆ, ಇಮೇಲ್ ನಡೆಯುತ್ತದೆಯೇ ಎಂದು ಕರಾರಿನ ಸಂವಹನ ಷರತ್ತಿನಲ್ಲಿದೆ. ಫಿಡಿಕ್‌ನಲ್ಲಿ ಅದು 1.3, ಭಾಷೆಗೆ 1.4. ಭಾಷೆ ಇಂಗ್ಲಿಷ್ ಎಂದಿದ್ದರೆ ಇಂಗ್ಲಿಷಿನಲ್ಲೇ ಕೊಡಿ. ಇಲಾಖೆಯ ಕೆಲಸದಲ್ಲಿ ಕನ್ನಡ ಪತ್ರ ಸಲೀಸಾಗಿ ಓಡುತ್ತದೆ, ಬೇಗ ಓದಿಸಿಕೊಳ್ಳುತ್ತದೆ ಎಂಬುದು ನನ್ನ ಅನುಭವ. ವಾಟ್ಸ್ಆ್ಯಪ್ ಸಂದೇಶ ಕರಾರಿನಲ್ಲಿ ಒಪ್ಪಿದ ಮಾರ್ಗ ಅಲ್ಲದಿದ್ದರೆ ಅದನ್ನು ನೋಟಿಸು ಎಂದುಕೊಳ್ಳಬೇಡಿ. ಗ್ರೂಪಿನಲ್ಲಿ ಹಾಕಿದ ಫೋಟೊಗೆ ಸಾಹೇಬರು ಹೆಬ್ಬೆರಳು ಒತ್ತಿದ್ದು ಒಪ್ಪಿಗೆಯಲ್ಲ.

ಇನ್ನು ಟಪಾಲು ಶಾಖೆ. ಎರಡು ಪ್ರತಿ ತೆಗೆದುಕೊಂಡು ಹೋಗಿ. ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಇನ್‌ವರ್ಡ್ ಸಂಖ್ಯೆ ಮೂರೂ ಬೀಳಬೇಕು. ಬರೀ ಸೀಲು ಬಿದ್ದು ದಿನಾಂಕ ಮಸುಕಾಗಿದ್ದರೆ ಅಲ್ಲೇ ನಿಂತು "ಮೇಡಂ, ಡೇಟ್ ಒಂದು ಪೆನ್ನಲ್ಲಿ ಬರೆದುಕೊಡಿ" ಎನ್ನಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಅವತ್ತೇ ಸ್ಪೀಡ್ ಪೋಸ್ಟ್ ಮಾಡಿ ರಶೀದಿಯನ್ನು ಪತ್ರಕ್ಕೇ ಪಿನ್ ಮಾಡಿ.

"ಏನ್ರೀ ಇದು, ಜಗಳಕ್ಕೆ ಬಂದಂಗಿದೆ?" ಎಂದು ಎಇಇ ಕೇಳಬಹುದು, ಕೇಳಿದ್ದಾರೆ. ನಾನು ಕೊಡುವ ಉತ್ತರ ಇಷ್ಟೇ: "ಸಾರ್, ಇದು ನಿಮ್ಮ ಫೈಲಿಗೆ. ನಾಳೆ ನೀವು ಎಕ್ಸ್‌ಟೆನ್ಷನ್‌ಗೆ ಶಿಫಾರಸು ಮಾಡುವಾಗ ಆಧಾರ ಬೇಕಲ್ಲ." ಪತ್ರ ಕೊಡುವ ಮೊದಲು ಫೋನ್ ಮಾಡಿ ತಿಳಿಸಿದರಂತೂ ಮುನಿಸಿಗೆ ಜಾಗವೇ ಇರುವುದಿಲ್ಲ.

ಅಡಚಣೆ ತಿಂಗಳುಗಟ್ಟಲೆ ಮುಂದುವರಿದರೆ ಒಂದು ನೋಟಿಸು ಕೊಟ್ಟು ಸುಮ್ಮನಾಗಬೇಡಿ. ಪ್ರತಿ ತಿಂಗಳೂ ಇಷ್ಟು ದಿನ, ಇಷ್ಟು ಖರ್ಚು ಎಂದು ಮಧ್ಯಂತರ ಲೆಕ್ಕ ಕೊಡುತ್ತಾ ಹೋಗಿ.

ಹೆಜ್ಜೆ 6: ದಾಖಲೆ

ದಿನಚರಿ ಅವತ್ತೇ ಬರೆಯಬೇಕು. ವಾರದ ಕೊನೆಗೆ ಕೂತು ಒಟ್ಟಿಗೆ ತುಂಬಿದ ಡೈರಿ ಒಂದೇ ಪೆನ್ನು, ಒಂದೇ ಓರೆಯಲ್ಲಿ ಇರುತ್ತದೆ, ನೋಡಿದ ಕೂಡಲೇ ಗೊತ್ತಾಗುತ್ತದೆ. ಎಷ್ಟು ಜನ, ಯಾವ ಯಂತ್ರ ಓಡಿತು, ಯಾವುದು ಸುಮ್ಮನೆ ನಿಂತಿತ್ತು, ಯಾರು ಬಂದು ಏನು ಹೇಳಿದರು ಎಂಬುದಿರಲಿ. ಹಿಂಡ್ರೆನ್ಸ್ ರಿಜಿಸ್ಟರಿನಲ್ಲಿ ಅಡಚಣೆ ಶುರುವಾದ ದಿನಕ್ಕೂ ಮುಗಿದ ದಿನಕ್ಕೂ ಇಲಾಖೆ ಎಂಜಿನಿಯರ ಸಹಿ ಬೇಕು. ಸೈಟಿಗೆ ಬಂದಾಗಲೇ ಹಾಕಿಸಿಕೊಳ್ಳಿ. ಬಾಯಿಮಾತಿನ ಆದೇಶ ಕೊಟ್ಟರೆ ಸಂಜೆಯೊಳಗೆ "ತಾವು ಇಂದು ಸೂಚಿಸಿದಂತೆ" ಎಂದು ಶುರುವಾಗುವ ಎರಡು ಸಾಲಿನ ಪತ್ರ ಹೋಗಲಿ.

ಮಳೆಯ ವಿಷಯದಲ್ಲಿ ನಮ್ಮವರು ತುಂಬಾ ಸೋಲುತ್ತಾರೆ. "ಭಾರೀ ಮಳೆಯಿಂದ ಕೆಲಸ ನಿಂತಿತು" ಎಂದು ಬರೆದರೆ ಸಾಲದು. ಫಿಡಿಕ್ ಕೇಳುವುದು ಅಸಾಧಾರಣ ಪ್ರತಿಕೂಲ ಹವಾಮಾನ. ಸೆಪ್ಟೆಂಬರಿನಲ್ಲಿ ಬೆಂಗಳೂರಿಗೆ ಮಳೆ ಬರುವುದು ಅಸಾಧಾರಣವಲ್ಲ, ಅದು ನಿಮ್ಮ ಕೆಲಸದ ವೇಳಾಪಟ್ಟಿಯಲ್ಲೇ ಇರಬೇಕಿತ್ತು. ಹೊರ ವರ್ತುಲ ರಸ್ತೆ ಮುಳುಗಿದ 2022ರ ಸೆಪ್ಟೆಂಬರಿನಂಥದ್ದನ್ನು ಅಸಾಧಾರಣ ಎಂದು ತೋರಿಸಬಹುದು, ಆದರೆ ಅಂಕಿಯ ಸಮೇತ. ಹಲವು ವರ್ಷದ ಸರಾಸರಿಗೆ ಹವಾಮಾನ ಇಲಾಖೆಯ ದಾಖಲೆ, ನಿಮ್ಮ ಸೈಟಿನ ಹತ್ತಿರದ ಮಳೆಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕದ ದಾಖಲೆ ಕೇಳಿ ಪಡೆಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟು ಡೈರಿಯ ಜೊತೆ ತಾಳೆ ಹಾಕಿ. ಹೀಗೆ ಗೆದ್ದರೂ 1999ರ ಫಿಡಿಕ್‌ನಲ್ಲಿ ಮಳೆಗೆ ಸಿಗುವುದು ಸಮಯ ಮಾತ್ರ, ಹಣವಲ್ಲ.

ಫೋಟೊ, ಇಮೇಲ್, ಡ್ರೋನ್ ವಿಡಿಯೊಗಳನ್ನು ಮೂಲ ಫೈಲಿನಲ್ಲೇ ಉಳಿಸಿ. ನ್ಯಾಯಾಲಯಕ್ಕೆ ಹೋದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಬೇಕಾಗುತ್ತದೆ. ಹತ್ತು ಸಲ ಫಾರ್ವರ್ಡ್ ಆದ ಪ್ರತಿಗೆ ಅದನ್ನು ಕೊಡಿಸುವುದು ಕಷ್ಟ.

ಹೆಜ್ಜೆ 7: ಹೆಚ್ಚುವರಿ ಕೆಲಸ, ಹೊಸ ದರ

ಲಿಖಿತ ಆದೇಶ ಇಲ್ಲದೆ ಹೆಚ್ಚುವರಿ ಕೆಲಸ ಮಾಡಬೇಡಿ ಎಂದು ಹೇಳುವುದು ಸುಲಭ. ಕಾಲುವೆಗೋಡೆ ಕುಸಿಯುತ್ತಿರುವಾಗ, ಪಕ್ಕದ ಮನೆಯವರು ಬೊಬ್ಬೆ ಹೊಡೆಯುವಾಗ ಅದು ಆಗುವುದಿಲ್ಲ ಎಂದು ನನಗೂ ಗೊತ್ತು. ಕೆಲಸ ಮಾಡಿ, ಆದರೆ ಅವತ್ತೇ ಪತ್ರ ಕೊಟ್ಟು ಆದೇಶವನ್ನು ಖಚಿತಪಡಿಸಿಕೊಳ್ಳಿ. ಮುಚ್ಚಿಹೋಗುವ ಭಾಗಗಳ ಅಳತೆಯನ್ನು ಮುಚ್ಚುವ ಮೊದಲೇ ಎಂಬಿಗೆ (ಅಳತೆ ಪುಸ್ತಕಕ್ಕೆ) ಹತ್ತಿಸಿ.

ದರದ ವಿಷಯ. ಪರಿಮಾಣ ಜಾಸ್ತಿಯಾಯಿತು ಎಂದ ಮಾತ್ರಕ್ಕೆ ಹೊಸ ದರ ಸಿಗುವುದಿಲ್ಲ. 1999ರ ಕೆಂಪು ಪುಸ್ತಕದ 12.3 ನಾಲ್ಕು ಬಾಗಿಲು ದಾಟಲು ಹೇಳುತ್ತದೆ. ಒಂದು ಲೆಕ್ಕ ನೋಡಿ. ಅಂಗೀಕೃತ ಕರಾರು ಮೊತ್ತ 20 ಕೋಟಿ. ಗಟ್ಟಿ ಕಲ್ಲು ಅಗೆತ ಬಿಒಕ್ಯುನಲ್ಲಿ 500 ಘನಮೀಟರ್, ದರ 900 ರೂಪಾಯಿ. ಆದದ್ದು 1,400 ಘನಮೀಟರ್. ವ್ಯತ್ಯಾಸ 10% ದಾಟಬೇಕು, ಇಲ್ಲಿ ಅದು 180%. ವ್ಯತ್ಯಾಸದ 900 ಘನಮೀಟರನ್ನು 900ರ ದರದಿಂದ ಗುಣಿಸಿದರೆ 8.1 ಲಕ್ಷ, ಅದು ಕರಾರು ಮೊತ್ತದ 0.01%, ಅಂದರೆ 20,000 ರೂಪಾಯಿಯನ್ನು ದಾಟಬೇಕು, ದಾಟಿದೆ. ಆ ಐಟಂ ಸ್ಥಿರ ದರದ್ದು ಎಂದು ಕರಾರಿನಲ್ಲಿ ಬರೆದಿರಬಾರದು. ಉಳಿದದ್ದು ಕಷ್ಟದ ಬಾಗಿಲು: ಪರಿಮಾಣ ಬದಲಾದದ್ದರಿಂದಲೇ ಒಂದು ಘನಮೀಟರಿನ ಖರ್ಚು 1%ಗಿಂತ ಹೆಚ್ಚು ಬದಲಾಯಿತು ಎಂದು ತೋರಿಸಬೇಕು. ಜನವಸತಿಯ ಪಕ್ಕ ಸಿಡಿಸಲು ಬಿಡದೆ ಬ್ರೇಕರ್ ತರಬೇಕಾಯಿತೇ? ಅದು ಮೊದಲ 500ಕ್ಕೂ ಇತ್ತಲ್ಲ ಎನ್ನುತ್ತಾರೆ. ಬಾಡಿಗೆ ಬಿಲ್ಲು, ಡೀಸೆಲ್ ಲೆಕ್ಕ, ದಿನದ ಅಗೆತದ ಪ್ರಮಾಣ ಇಟ್ಟುಕೊಂಡವರಿಗೆ ಮಾತ್ರ ಉತ್ತರ ಕೊಡಲು ಆಗುತ್ತದೆ.

ಇಲಾಖೆ ಕೆಲಸದಲ್ಲಿ ಹೊಸ ಐಟಂಗೆ ಎಸ್‌ಆರ್ (ಇಲಾಖೆಯ ದರಪಟ್ಟಿ) ದರವೇ ಮೊದಲ ಆಧಾರ. ಅದರಲ್ಲಿ ಇಲ್ಲದ್ದಕ್ಕೆ ದರ ವಿಶ್ಲೇಷಣೆ ಕೊಡಬೇಕು. ಹೆದ್ದಾರಿಯ ಇಪಿಸಿಯಲ್ಲಿ ಬೆಲೆ ಒಟ್ಟು ಮೊತ್ತದ್ದು. ಅಲ್ಲಿ ಪರಿಮಾಣ ಏರಿದ್ದು ನಿಮ್ಮ ಹೊರೆ, ಕೆಲಸದ ವ್ಯಾಪ್ತಿ ಬದಲಾದ ಆದೇಶಕ್ಕೆ ಮಾತ್ರ ಹೆಚ್ಚು ಹಣ.

ಹೆಜ್ಜೆ 8: ಬಿಲ್ಲು

ಅಪೂರ್ಣ ಬಿಲ್ಲು ಕೊಟ್ಟು ಕಾಯಬೇಡಿ. ಪರೀಕ್ಷಾ ವರದಿ, ರಾಯಲ್ಟಿ ದಾಖಲೆ, ಅಳತೆ ಹಾಳೆ ಎಲ್ಲ ಸೇರಿಸಿ ಒಂದೇ ಸಲ ಕೊಡಿ. 1999ರ ಫಿಡಿಕ್‌ನಲ್ಲಿ ಎಂಜಿನಿಯರ್ 28 ದಿನದಲ್ಲಿ ಪ್ರಮಾಣೀಕರಿಸಬೇಕು, 56 ದಿನದಲ್ಲಿ ಹಣ ಬರಬೇಕು. ತಡವಾದರೆ 14.8ರ ಬಡ್ಡಿ ಇದೆ. ಇಲಾಖೆ ಕೆಲಸದಲ್ಲಿ ಬಾಕಿಯ ಕಷ್ಟ ಎಲ್ಲರಿಗೂ ಗೊತ್ತಿರುವುದೇ. ಹಾಗಾಗಿ ಬಡ್ಡಿಯ ಷರತ್ತು ಇದೆಯೇ, ಇಲ್ಲವೇ, ಅಥವಾ ಬಡ್ಡಿ ಕೇಳಬಾರದು ಎಂದೇ ಬರೆದಿದೆಯೇ ಎಂದು ಟೆಂಡರ್ ದರ ತುಂಬುವಾಗಲೇ ನೋಡಿ. 1% ಕಾರ್ಮಿಕ ಕಲ್ಯಾಣ ಸೆಸ್, ಟಿಡಿಎಸ್‌ನಂಥ ಕಡಿತಗಳನ್ನು ಪ್ರತಿ ಬಿಲ್ಲಿನಲ್ಲೂ ತಾಳೆ ಹಾಕಿ.

ಹೆಜ್ಜೆ 9: ಸಮಯ ವಿಸ್ತರಣೆ ಮತ್ತು ದಂಡ

ವಿಸ್ತರಣೆಯ ಅರ್ಜಿಯಲ್ಲಿ ಅಡಚಣೆಯ ದಿನಗಳನ್ನು ಕೂಡಿಸಿ ಕೊಟ್ಟರೆ ಆಗಲಿಲ್ಲ. ಆ ಅಡಚಣೆ ಕೆಲಸದ ಮುಖ್ಯ ಸರಪಣಿಯನ್ನು ಹೇಗೆ ತಡೆಯಿತು ಎಂದು ಕೆಲಸದ ವೇಳಾಪಟ್ಟಿಯ ಮೇಲೆ ತೋರಿಸಬೇಕು. 47 ದಿನ ಕೇಬಲ್ ತಡೆದಿದ್ದರೂ ಅದರಲ್ಲಿ 20 ದಿನ ಬೇರೆ ಕಡೆ ನೀವೇ ಕಬ್ಬಿಣ ಇಲ್ಲದೆ ನಿಂತಿದ್ದರೆ ಅದನ್ನು ಮುಚ್ಚಿಡಬೇಡಿ. ಬೇರೆ ಮಾಡಿ ತೋರಿಸಿ. ಒಪ್ಪಿಕೊಂಡ ತಪ್ಪು ಉಳಿದ ಲೆಕ್ಕಕ್ಕೆ ಬಲ ಕೊಡುತ್ತದೆ.

ಒಂದು ಎಚ್ಚರಿಕೆ. ವಿಸ್ತರಣೆ ಕೊಡುವಾಗ "ಈ ಅವಧಿಗೆ ಯಾವ ಹೆಚ್ಚುವರಿ ಹಣವನ್ನೂ ಕೇಳುವುದಿಲ್ಲ" ಎಂಬ ಮುಚ್ಚಳಿಕೆಗೆ ಸಹಿ ಕೇಳುತ್ತಾರೆ. ಅವಸರದಲ್ಲಿ ಹಾಕಿಬಿಡುತ್ತೇವೆ. ಕರಾರಿನಲ್ಲಿ ಅಂಥ ಮುಚ್ಚಳಿಕೆಯ ಅಗತ್ಯ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಹಕ್ಕು ಕಾಯ್ದಿರಿಸಿಕೊಂಡಿದ್ದೇವೆ ಎಂದು ಬರೆದೇ ಸಹಿ ಹಾಕಿ. ದಂಡದ ವಿಷಯದಲ್ಲಿ ಕರಾರು ಕಾಯ್ದೆಯ 74ನೇ ಸೆಕ್ಷನ್ ಹೇಳುವುದು ಸಮಂಜಸ ಪರಿಹಾರ; ಕರಾರಿನಲ್ಲಿ ಬರೆದ ಮೊತ್ತ ಅದರ ಮೇಲ್ಮಿತಿ. ನಷ್ಟವೇ ಆಗದಿದ್ದಲ್ಲಿ ಪರಿಹಾರವಿಲ್ಲ ಎಂದು ಸುಪ್ರೀಂ ಕೋರ್ಟ್ 2015ರ ಕೈಲಾಶ್ ನಾಥ್ ಪ್ರಕರಣದಲ್ಲಿ ಹೇಳಿದೆ. ನಷ್ಟವನ್ನು ಲೆಕ್ಕ ಹಾಕಿ ಸಾಬೀತು ಮಾಡುವುದು ಕಷ್ಟವಾದ ಕಡೆ, ಸಾರ್ವಜನಿಕ ರಸ್ತೆ, ಸೇತುವೆಯಂಥ ಕೆಲಸದಲ್ಲಿ, ಬರೆದ ಮೊತ್ತವೇ ಉಳಿಯಬಹುದು.

ಹೆಜ್ಜೆ 10: ಸಬ್ ಕಾಂಟ್ರ್ಯಾಕ್ಟ್

ಮುಖ್ಯ ಕರಾರಿನಲ್ಲಿ 28 ದಿನ ಇದ್ದರೆ ಸಬ್ ಕಾಂಟ್ರ್ಯಾಕ್ಟರಿಗೆ 14 ದಿನ ಇಡಿ. ಇಲ್ಲದಿದ್ದರೆ ಅವರ ಪತ್ರ ನಿಮಗೆ ತಲುಪುವ ಹೊತ್ತಿಗೆ ನಿಮ್ಮ ಗಡುವು ಮುಗಿದಿರುತ್ತದೆ. ನೀವೇ ಸಬ್ ಕಾಂಟ್ರ್ಯಾಕ್ಟರ್ ಆಗಿದ್ದರೆ ಮುಖ್ಯ ಕರಾರಿನ ಸಂಬಂಧಪಟ್ಟ ಪುಟಗಳ ಪ್ರತಿ ಕೇಳಿ ಪಡೆಯದೆ "ಮುಖ್ಯ ಕರಾರಿನ ಎಲ್ಲ ಷರತ್ತುಗಳೂ ಅನ್ವಯ" ಎಂಬ ಸಾಲಿಗೆ ಸಹಿ ಹಾಕಬೇಡಿ.

ಹೆಜ್ಜೆ 11: ವ್ಯಾಜ್ಯ ಬಂದರೆ

ಕರಾರಿನಲ್ಲಿ ಹೇಳಿದ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ. ಫಿಡಿಕ್‌ನಲ್ಲಿ ವಿವಾದ ಮಂಡಳಿ 84 ದಿನದಲ್ಲಿ ತೀರ್ಮಾನ ಕೊಡಬೇಕು. ಒಪ್ಪಿಗೆಯಾಗದಿದ್ದರೆ 28 ದಿನದಲ್ಲಿ ಅತೃಪ್ತಿಯ ನೋಟಿಸು ಕೊಡಬೇಕು. ಇದೂ ಗೋಡೆಯ ಹಾಳೆಯಲ್ಲಿರಲಿ. ಮಧ್ಯಸ್ಥಿಕೆ (ಆರ್ಬಿಟ್ರೇಷನ್) ಷರತ್ತು ಇದೆಯೇ ಎಂದು ಮೊದಲೇ ನೋಡಿ. 2024ರ ಜೂನ್‌ನಲ್ಲಿ ಕೇಂದ್ರ ಹಣಕಾಸು ಇಲಾಖೆ ತನ್ನ ಮಾರ್ಗಸೂಚಿಯಲ್ಲಿ ಮಧ್ಯಸ್ಥಿಕೆಯನ್ನು ಸಾಮಾನ್ಯವಾಗಿ 10 ಕೋಟಿಗಿಂತ ಕಡಿಮೆ ಮೌಲ್ಯದ ವಿವಾದಗಳಿಗೆ ಸೀಮಿತಗೊಳಿಸಲು ಹೇಳಿದೆ. ಮಧ್ಯಸ್ಥಗಾರರನ್ನು ಒಂದು ಪಕ್ಷವೇ ಏಕಪಕ್ಷೀಯವಾಗಿ ನೇಮಿಸುವ ಷರತ್ತು ಸಾರ್ವಜನಿಕ ಕರಾರುಗಳಲ್ಲಿ ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಹೇಳಿತು. ಬೆಂಗಳೂರಿನಲ್ಲಿ ಹೈಕೋರ್ಟಿನ ಆಶ್ರಯದ ಮಧ್ಯಸ್ಥಿಕೆ ಕೇಂದ್ರವೇ ಇದೆ, ಅಲ್ಲಿ ಶುಲ್ಕಕ್ಕೂ ಕಲಾಪಕ್ಕೂ ನಿಯಮ ಗೊತ್ತುಪಡಿಸಿದ್ದಾರೆ. ಕಾಲಮಿತಿ ಸಾಮಾನ್ಯವಾಗಿ 3 ವರ್ಷ. "ನೋಡೋಣ, ಪರಿಶೀಲಿಸುತ್ತೇವೆ" ಎಂಬ ಪತ್ರಗಳು ಆ ಗಡಿಯಾರವನ್ನು ನಿಲ್ಲಿಸುವುದಿಲ್ಲ.

ಇಲಾಖೆಯ ಒಳ ಟಿಪ್ಪಣಿಗಳು ಬೇಕಾದರೆ ಆರ್‌ಟಿಐ ಅರ್ಜಿ ಹಾಕಿ. ನಿಮ್ಮ ವಿಸ್ತರಣೆಗೆ ಕೆಳಗಿನ ಎಂಜಿನಿಯರ್ ಶಿಫಾರಸು ಮಾಡಿದ್ದ ಟಿಪ್ಪಣಿ ಎಷ್ಟೋ ಸಲ ಅದೇ ಫೈಲಿನಲ್ಲಿರುತ್ತದೆ.

ಹೆಜ್ಜೆ 12: ಫೈನಲ್ ಬಿಲ್

ವರ್ಷಗಟ್ಟಲೆ ಜೋಪಾನ ಮಾಡಿದ ಕ್ಲೈಮ್ ಒಂದೇ ಸಹಿಯಲ್ಲಿ ಹೋಗುವುದು ಇಲ್ಲಿ. ಫಿಡಿಕ್‌ನಲ್ಲಿ ಮುಗಿದ ಕೆಲಸವನ್ನು ಮಾಲೀಕರು ವಹಿಸಿಕೊಂಡ ಪ್ರಮಾಣಪತ್ರ ಬಂದ 84 ದಿನದೊಳಗೆ ಕೆಲಸ ಮುಗಿದಾಗಿನ ಲೆಕ್ಕಪಟ್ಟಿ ಕೊಡಬೇಕು. ಅಲ್ಲಿಯವರೆಗಿನ ಬೇಡಿಕೆ ಆ ಪಟ್ಟಿಯಲ್ಲೂ ಇರಬೇಕು, ಅಂತಿಮ ಲೆಕ್ಕದಲ್ಲೂ ಇರಬೇಕು; ಒಂದರಲ್ಲಿ ಬಿಟ್ಟುಹೋದರೂ ಮಾಲೀಕರು ಹೊಣೆಯಲ್ಲ. ಇಲಾಖೆ ಕೆಲಸದಲ್ಲಿ "ನೋ ಕ್ಲೈಮ್" ಪ್ರಮಾಣಪತ್ರ ಮುಂದಿಡುತ್ತಾರೆ. ಬಾಕಿ ಬೇಡಿಕೆ ಇದ್ದರೆ ಪಟ್ಟಿ ಲಗತ್ತಿಸಿ, "ಇವನ್ನು ಹೊರತುಪಡಿಸಿ" ಎಂದು ಬರೆದು ಸಹಿ ಹಾಕಿ. ಒತ್ತಾಯಕ್ಕೆ ಮಣಿದು ಖಾಲಿ ಸಹಿ ಹಾಕಬೇಕಾಗಿ ಬಂದರೆ ಮರುದಿನವೇ ಆ ಸಂದರ್ಭವನ್ನು ವಿವರಿಸಿ ಪತ್ರ ಕೊಡಿ. ಆರು ತಿಂಗಳ ನಂತರ ನೆನಪಾದ ಒತ್ತಾಯವನ್ನು ಯಾರೂ ನಂಬುವುದಿಲ್ಲ.

ದೋಷ ಹೊಣೆಗಾರಿಕೆಯ ಅವಧಿ ಮುಗಿಯುವ ಹದಿನೈದು ದಿನ ಮೊದಲು ಜಂಟಿ ಪರಿಶೀಲನೆಗೆ ಪತ್ರ ಕೊಡಿ. ಬಿರುಕು, ಸೋರಿಕೆ ಏನಿದ್ದರೂ ಸರಿಪಡಿಸಿ ಸಹಿ ಪಡೆಯಿರಿ. ಸೆಕ್ಯೂರಿಟಿ ಡಿಪಾಸಿಟ್ ಬಂತೆಂದು ಸುಮ್ಮನಾಗದೆ ಬ್ಯಾಂಕ್ ಗ್ಯಾರಂಟಿಯ ಮೂಲ ಪ್ರತಿಯನ್ನು ವಾಪಸ್ ಪಡೆದು ಬ್ಯಾಂಕಿಗೆ ಒಪ್ಪಿಸಿ. ಅದು ರದ್ದಾದ ಪತ್ರ ಕೈಗೆ ಬರುವವರೆಗೂ ಆ ಯೋಜನೆಯ ಹಾಳೆ ಗೋಡೆಯ ಮೇಲೇ ಇರಲಿ.